ಕಾನ್‌ಸ್ಟೇಬಲ್ ಆಗಲು ಕನ್ನಡ ಸಾಕು, ಎಂ.ಎ. ಓದಲು ಸಾಲದು

ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಸೇರಬೇಕು ಅಂದರೆ ಸಿಯುಇಟಿ ಬರೆಯಬೇಕು. ಅದನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅದರಲ್ಲಿದೆ. ಡಾಕ್ಟರಾಗಬೇಕು ಅಂದರೆ ನೀಟ್, ಅದೂ ಕನ್ನಡದಲ್ಲಿ ಸಿಗುತ್ತದೆ. ಎಂಜಿನಿಯರಿಂಗಿಗೆ ಜೆಇಇ ಮೇನ್, ಅದೂ ಕನ್ನಡದಲ್ಲಿದೆ. ಓದು ಸಾಕು, ಸಿಆರ್‌ಪಿಎಫ್‌ಗೋ ಬಿಎಸ್‌ಎಫ್‌ಗೋ ಕಾನ್‌ಸ್ಟೇಬಲ್ ಆಗಿ ಹೋಗುತ್ತೇನೆ ಅಂದರೆ 2024ರಿಂದ ಆ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು.

ಅದೇ ಹುಡುಗಿ ಬಿ.ಎ. ಮುಗಿಸಿ, ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಎಂ.ಎ. ಓದುತ್ತೇನೆ ಅಂದಳು ಅನ್ನಿ. ಆಗ ಬರೆಯಬೇಕಾದ್ದು ಸಿಯುಇಟಿ-ಪಿಜಿ. ಭಾಷಾ ವಿಷಯಗಳಂಥ ಕೆಲವನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ, ಜೊತೆಗೆ ಹಿಂದಿಯಲ್ಲಿ. ಮೂರನೆಯದು ಇಲ್ಲ. ಎರಡೂ ಪರೀಕ್ಷೆ ನಡೆಸುವುದು ಒಂದೇ ಸಂಸ್ಥೆ, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಅಂದರೆ ಎನ್‌ಟಿಎ. ಎರಡೂ ಶುರುವಾದದ್ದು ಒಂದೇ ವರ್ಷ, 2022ರಲ್ಲಿ. ಒಂದೇ ಮನೆಯ ಜಗಲಿಗೆ ಕನ್ನಡ ಬರಬಹುದು, ಒಳಗೆ ಬರಬಾರದು ಅಂತ ಯಾರು ಯಾವಾಗ ತೀರ್ಮಾನ ಮಾಡಿದರು ಮಾರಾಯ್ರೆ?

ನಾನು ವಜ್ರಳ್ಳಿಯವ. ನಮ್ಮ ಕಡೆ ಪಿಯುಸಿಯಲ್ಲಿ ಸೈನ್ಸ್ ತಗೊಂಡವರು ಮಂಗಳೂರು, ಧಾರವಾಡ, ಬೆಂಗಳೂರು ಅಂತ ಹೊರಟುಹೋಗುತ್ತಾರೆ. ಯಲ್ಲಾಪುರ, ಶಿರಸಿ, ಸಿದ್ದಾಪುರದ ಡಿಗ್ರಿ ಕಾಲೇಜುಗಳಲ್ಲಿ ಬಿ.ಎ. ಓದುವವರು ಯಾರು? ತೋಟದ ಕೆಲಸ, ಕೊಟ್ಟಿಗೆ ಕೆಲಸ ಮುಗಿಸಿ ಬಸ್ಸು ಹತ್ತುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಸಿದ್ದಿ, ಗೌಳಿ, ಕುಣಬಿ ಮನೆಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಇದರಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವೇ ಮನೆಮಾತಲ್ಲ. ಮನೆಯಲ್ಲಿ ಕೊಂಕಣಿಯೋ ಮರಾಠಿಯೋ ಸೇರಿದ ತಮ್ಮದೇ ಮಾತಾಡಿ, ಶಾಲೆಗೆ ಬಂದು ಕನ್ನಡ ಕಲಿತು, ಆ ಕನ್ನಡದಲ್ಲೇ ಹದಿನೈದು ವರ್ಷ ಓದಿ ಡಿಗ್ರಿ ಪಡೆದವರು. ಒಂದು ಭಾಷೆಯನ್ನು ಕಲಿತು ದಾಟಿ ಬಂದವರಿಗೆ, ಅದು ಲೆಕ್ಕಕ್ಕಿಲ್ಲ, ಮತ್ತೊಂದು ತನ್ನಿ ಅನ್ನುತ್ತೇವೆ. ಅದಕ್ಕೆ ಮೆರಿಟ್ ಅಂತ ಹೆಸರು.

ನಮ್ಮಣ್ಣನ ಮಗಳು ಇದಕ್ಕೆ ಓದುವಾಗ ಸ್ವಲ್ಪ ದಿನ ಅವಳ ಜೊತೆ ಕೂತಿದ್ದೆ. ಹುಬ್ಬಳ್ಳಿಯಿಂದ ತರಿಸಿದ ಮಾದರಿ ಪ್ರಶ್ನೆಗಳ ದಪ್ಪ ಪುಸ್ತಕ. ಇತಿಹಾಸದಲ್ಲಿ ಅವಳು ಕಾಲೇಜಿಗೆ ಮುಂದು. ಒಂದು ಪುಟ ತೆಗೆದು ಅರ್ಧ ತಾಸು ಹಾಗೇ ಕೂತಳು. ಎಂತ ಆತು ಕೂಸೆ ಅಂದೆ. "ಉತ್ತರ ಗೊತ್ತಿದ್ದು ಅಪ್ಪಚ್ಚಿ, ಪ್ರಶ್ನೆನೇ ಗೊತ್ತಾಗ್ತಿಲ್ಲೆ" ಅಂದಳು.

ಪುಟದಲ್ಲಿದ್ದದ್ದು ಡಾಕ್ಟ್ರಿನ್ ಆಫ್ ಲ್ಯಾಪ್ಸ್. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿ ಅಂತ ನಾನು ಹೇಳಿದ ಮೇಲೆ ಅವಳು ನಿಲ್ಲಲೇ ಇಲ್ಲ. ಸಾತಾರಾ, ಝಾನ್ಸಿ, ನಾಗಪುರ ಎಲ್ಲ ಹೇಳಿದಳು. ಡಾಲ್‌ಹೌಸಿ ಬರುವ ಮೊದಲೇ, 1824ರಲ್ಲಿ, ಕಿತ್ತೂರಿನ ದತ್ತು ಮಗನನ್ನು ಕಂಪನಿ ಒಪ್ಪದೆ ಚೆನ್ನಮ್ಮ ಯುದ್ಧಕ್ಕೆ ನಿಂತದ್ದನ್ನೂ ಸೇರಿಸಿದಳು. ಸಬ್ಸಿಡಿಯರಿ ಅಲಯನ್ಸ್ ಅಂದರೆ ಸಹಾಯಕ ಸೈನ್ಯ ಪದ್ಧತಿ ಅಂದೆ. ವೆಲ್ಲೆಸ್ಲಿ, 1798, ಮೊದಲು ಒಪ್ಪಿದವನು ಹೈದರಾಬಾದಿನ ನಿಜಾಮ ಅಂತ ಒಂದೇ ಉಸಿರಿಗೆ ಬಂತು. ಅರ್ಥಶಾಸ್ತ್ರದ್ದೂ ಹೀಗೇ. ಎಲಾಸ್ಟಿಸಿಟಿ ಅಂದರೆ ಮುಖ ನೋಡುತ್ತಾಳೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೆ ರೇಖೆ ಎಳೆದು ತೋರಿಸುತ್ತಾಳೆ. ಬೆಲೆ ಏರಿದರೆ ಇಳಿದರೆ ಏನಾಗುತ್ತದೆ ಅಂತ ಅಡಿಕೆ ಬೆಳೆಗಾರರ ಮನೆಯ ಮಗಳಿಗೆ ಬೇರೆಯವರು ಹೇಳಿಕೊಡಬೇಕೆ?

ಇವಳಿಗೆ ಇತಿಹಾಸ ಬರುವುದಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ರ‍್ಯಾಂಕ್ ಪಟ್ಟಿಯಲ್ಲಿ ಅವಳು ಹಿಂದೆ ಬಿದ್ದರೆ ಬೀಳುವುದು ಇತಿಹಾಸಕ್ಕಲ್ಲ. ಆದರೆ ಪಟ್ಟಿ ಹೇಳುವುದು ಮಾತ್ರ, ಇತಿಹಾಸದಲ್ಲಿ ಇಷ್ಟು ಅಂಕ ಅಂತ.

ಈ ಪರೀಕ್ಷೆಯ ಕಟ್ಟೋಣ ಸ್ವಲ್ಪ ನೋಡಿ. 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಪ್ರಶ್ನೆಗೆ 72 ಸೆಕೆಂಡು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಹೋಯಿತು. 72 ಸೆಕೆಂಡಿನಲ್ಲಿ ಪ್ರಶ್ನೆ ಓದಬೇಕು, ನಾಲ್ಕು ಆಯ್ಕೆ ಓದಬೇಕು, ಯೋಚಿಸಬೇಕು, ಒತ್ತಬೇಕು. ಓದಿದ್ದನ್ನು ತಲೆಯೊಳಗೆ ಕನ್ನಡಕ್ಕೆ ತಂದುಕೊಳ್ಳಬೇಕಾದ ಹುಡುಗಿಗೆ ಆ ಸೆಕೆಂಡುಗಳು ಅಲ್ಲೇ ಮುಗಿಯುತ್ತವೆ. ಗೊತ್ತಿಲ್ಲದ ಒಂದು ಪದ ಬಂತು ಅಂದರೆ ಅಂದಾಜಿನ ಮೇಲೆ ಒತ್ತಬೇಕು, ಅಂದಾಜು ತಪ್ಪಿದರೆ ಇದ್ದದ್ದೂ ಕಡಿಮೆಯಾಗುತ್ತದೆ. ಹಾಳೆಯ ಮೇಲೆ ಮೂರು ತಾಸು ಬರೆಯುವ ಹಳೇ ಪರೀಕ್ಷೆಯಲ್ಲಾದರೆ ತಡವರಿಸಿ ಸುಧಾರಿಸಿಕೊಳ್ಳಲು ಜಾಗ ಇತ್ತು. ಇದರಲ್ಲಿ ತಡವರಿಸಿದವರು ಸೋತರು. ಪಕ್ಕದ ಕುರ್ಚಿಯಲ್ಲಿ ಕೂತ ಉತ್ತರಪ್ರದೇಶದ ಹುಡುಗ ಅದೇ ಪ್ರಶ್ನೆಯನ್ನು ತನ್ನ ಹಿಂದಿಯಲ್ಲಿ ಓದುತ್ತಾನೆ. ಆ ಹುಡುಗನ ಮೇಲೆ ನನಗೆ ಎಂಥ ಸಿಟ್ಟೂ ಇಲ್ಲ. ಅವನಿಗೆ ಸಿಕ್ಕಿದ್ದು ನ್ಯಾಯವೇ. ಅದೇ ನ್ಯಾಯ ಇವಳಿಗೆ ಯಾಕಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ.

ಹೀಗೆ ಕೇಳಿದ ಕೂಡಲೇ ಒಂದು ಉತ್ತರ ಸಿದ್ಧವಾಗಿರುತ್ತದೆ. ನಮ್ಮವರೇ ಹೇಳುತ್ತಾರೆ, ಇಂಗ್ಲಿಷ್ ಕಲಿತು ಮೇಲೆ ಬಂದವರೇ ಮೊದಲು ಹೇಳುತ್ತಾರೆ. "ಉನ್ನತ ಶಿಕ್ಷಣ ಅಂದ್ಮೇಲೆ ಇಂಗ್ಲಿಷ್ ಬೇಕೇ ಬೇಕಲ್ರೀ. ಪುಸ್ತಕ ಎಲ್ಲ ಇಂಗ್ಲಿಷಲ್ಲಿದೆ. ಅದೇ ಬರದಿದ್ರೆ ಎಂ.ಎ. ಹೇಗೆ ಮಾಡ್ತಾಳೆ?"

ಇಂಗ್ಲಿಷ್ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ವಾದ ನಿಲ್ಲುವುದು ಪ್ರಶ್ನೆಪತ್ರಿಕೆ ಬರೀ ಇಂಗ್ಲಿಷಿನಲ್ಲಿ ಇದ್ದಿದ್ದರೆ. ಹಿಂದಿಯೂ ಇದೆಯಲ್ಲ? ಇಂಗ್ಲಿಷಿನ ಒಂದಕ್ಷರ ಓದದೆ ಹಿಂದಿಯಲ್ಲಿ ಬರೆದು ಪಾಸಾದವನಿಗೆ ಪುಸ್ತಕ ಇಂಗ್ಲಿಷಿನಲ್ಲಿ ಇರುವುದಿಲ್ಲವೆ? ಅವನು ಎರಡು ವರ್ಷದಲ್ಲಿ ಕಲಿತುಕೊಳ್ಳುತ್ತಾನೆ ಅಂತ ನಂಬಿಕೆ ಇದ್ದರೆ ಇವಳ ಮೇಲೂ ಆ ನಂಬಿಕೆ ಇಡಬಹುದು. ಇಂಗ್ಲಿಷ್ ನಿಜಕ್ಕೂ ಅಳೆಯಲೇಬೇಕು ಅಂತಿದ್ದರೆ ಪ್ರಾಮಾಣಿಕವಾಗಿ ಅದಕ್ಕೊಂದು ಬೇರೆ ಭಾಗ ಇಡಿ, ಇಷ್ಟು ಬಂದರೆ ಸಾಕು ಅಂತ ಗೆರೆ ಎಳೆಯಿರಿ, ಹಿಂದಿಯವರಿಗೂ ಅದೇ ಗೆರೆ ಇರಲಿ. ಇತಿಹಾಸದ ಅಂಕದೊಳಗೆ ಇಂಗ್ಲಿಷನ್ನು ಅಡಗಿಸಿ ಇಟ್ಟು ಅದನ್ನು ಇತಿಹಾಸ ಅಂತ ಕರೆಯಬೇಡಿ.

ಎರಡನೇ ವಾದ, ಅನುವಾದ ಕಷ್ಟ, ವಿಷಯಗಳು ನೂರೈವತ್ತರ ಮೇಲಿವೆ ಅನ್ನುವುದು. ಎಲ್ಲವನ್ನೂ ಯಾರು ಕೇಳಿದರು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಶಿಕ್ಷಣ, ಸಮಾಜಕಾರ್ಯ. ಕನ್ನಡದಲ್ಲಿ ಬಿ.ಎ. ಓದುವ ಮಕ್ಕಳು ಹೋಗುವ ಇಷ್ಟರಿಂದ ಶುರುಮಾಡಲಿ. ಪಾರಿಭಾಷಿಕ ಪದಗಳಿಲ್ಲ ಅನ್ನುವವರು ನಮ್ಮ ಕೆ-ಸೆಟ್ ಪ್ರಶ್ನೆಪತ್ರಿಕೆ ಒಮ್ಮೆ ತೆಗೆದು ನೋಡಬೇಕು. ಕಾಲೇಜು ಉಪನ್ಯಾಸಕರಾಗಲು ರಾಜ್ಯ ನಡೆಸುವ ಅರ್ಹತಾ ಪರೀಕ್ಷೆ ಅದು, ಎಂ.ಎ. ಮುಗಿಸಿದವರಿಗೆ. ಅದರಲ್ಲಿ ಸಮಾಜವಿಜ್ಞಾನದ ಪ್ರಶ್ನೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗುತ್ತವೆ. ಎಂ.ಎ. ಮುಗಿಸಿದವರ ಇತಿಹಾಸ ಕನ್ನಡದಲ್ಲಿ ಹಿಡಿಸುತ್ತದೆ, ಎಂ.ಎ. ಸೇರುವವರ ಇತಿಹಾಸ ಹಿಡಿಸುವುದಿಲ್ಲ ಅಂದರೆ ನಂಬುವುದು ಹೇಗೆ? ಅನುವಾದದಲ್ಲಿ ತಪ್ಪಾದರೆ ಏನು ಮಾಡುವುದು ಅನ್ನುತ್ತೀರಾ? ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ನಿಯಮವನ್ನು ನೀಟ್‌ನಲ್ಲಿ ಎನ್‌ಟಿಎ ಈಗಾಗಲೇ ಇಟ್ಟುಕೊಂಡಿದೆ. ಅದನ್ನೇ ಇಲ್ಲೂ ಇಟ್ಟರಾಯಿತು.

ಕನ್ನಡದಲ್ಲಿ ಬರೆಯುವವರು ಎಷ್ಟು ಜನ ಇದ್ದಾರು ಅಂತ ಕೇಳುವವರೂ ಇದ್ದಾರೆ. ಮೆನುವಿನಲ್ಲೇ ಇಲ್ಲದ ತಿಂಡಿಯನ್ನು ಎಷ್ಟು ಜನ ಕೇಳಿದರು ಅಂತ ಹೋಟೆಲಿನವರು ಲೆಕ್ಕ ಹಾಕಿದ ಹಾಗಾಯಿತು ಇದು.

ಕಲಬುರಗಿಯ ಕಥೆ ಇನ್ನೂ ವಿಚಿತ್ರ. ಅಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಶುರುವಾದದ್ದು. ಹೆಸರಲ್ಲೇ ಕರ್ನಾಟಕ. ಉತ್ತರ ಕರ್ನಾಟಕದ ಹಿಂದುಳಿದ ನೆಲದ ಮಕ್ಕಳಿಗೂ ಒಳ್ಳೆಯ ಉನ್ನತ ಶಿಕ್ಷಣ ಸಿಗಲಿ ಅಂತ ನಾವೆಲ್ಲ ಖುಷಿಪಟ್ಟದ್ದು. ಅದರ ಬಾಗಿಲೂ ಇದೇ ಸಿಯುಇಟಿ-ಪಿಜಿ. ಅಲ್ಲೇ ಪಕ್ಕದ ಆಳಂದದ ಕಾಲೇಜಿನಲ್ಲಿ ಕನ್ನಡದಲ್ಲಿ ಬಿ.ಎ. ಓದಿದವನು ಆ ಗೇಟಿನೊಳಗೆ ಹೋಗಬೇಕೆಂದರೆ ಹಿಂದಿ ಕಲಿತು ಬರಬೇಕು, ಇಲ್ಲ ಇಂಗ್ಲಿಷ್. ನಮ್ಮ ನೆಲದ ಮೇಲಿನ ವಿಶ್ವವಿದ್ಯಾಲಯಕ್ಕೆ ನಮ್ಮ ಭಾಷೆಯಲ್ಲಿ ಅರ್ಜಿ ಪರೀಕ್ಷೆ ಇಲ್ಲ.

ಎಂ.ಎ. ಆದ ಮೇಲಾದರೂ ದಾರಿ ಸಲೀಸೇ? ಇಲ್ಲ. ಸಂಶೋಧನೆ ಮಾಡುವವರಿಗೆ ಯುಜಿಸಿ-ನೆಟ್ ಇದೆ. ಅದರಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ನಮ್ಮ ಕಡೆಯ ಮನೆಗಳಲ್ಲಿ ಆ ದುಡ್ಡು ಅಂದರೆ ಮಗಳು ಮದುವೆಯ ಮಾತು ಮುಂದಕ್ಕೆ ಹಾಕಿ ಐದು ವರ್ಷ ಓದಬಹುದು ಅಂತ ಅರ್ಥ. ಆ ಪರೀಕ್ಷೆಯೂ, ಭಾಷಾ ವಿಷಯ ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ನಮ್ಮ ಕೆ-ಸೆಟ್ ಪಾಸಾದರೆ ರಾಜ್ಯದ ಕಾಲೇಜುಗಳಲ್ಲಿ ಪಾಠ ಮಾಡುವ ಅರ್ಹತೆ ಸಿಗುತ್ತದೆ, ಫೆಲೋಶಿಪ್ ಸಿಗುವುದಿಲ್ಲ. ದುಡ್ಡಿರುವ ಕಡೆ ಕನ್ನಡ ಇಲ್ಲ, ಕನ್ನಡ ಇರುವ ಕಡೆ ದುಡ್ಡಿಲ್ಲ.

ಮಾತೃಭಾಷೆಯಲ್ಲಿ ಉನ್ನತ ಶಿಕ್ಷಣ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಚೆಂದವಾಗಿ ಬರೆದಿದ್ದಾರೆ. ಅದಾದ ಮರುವರ್ಷ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಬಹುದು ಅಂತ ಎಐಸಿಟಿಇ ಒಪ್ಪಿಗೆ ಕೊಟ್ಟಿತು. ಸಂತೋಷ. ಹಾಗೆ ಕನ್ನಡದಲ್ಲಿ ಬಿ.ಇ. ಮುಗಿಸಿದವನು ಎಂ.ಟೆಕ್.ಗೆ ಹೋಗಲು ಬರೆಯಬೇಕಾದ ಗೇಟ್ ಪರೀಕ್ಷೆ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ ಮಾತ್ರ. ಒಳಗೆ ಕರೆದು, ಕೂರಿಸಿ, ಊಟಕ್ಕೆ ಬಡಿಸುವ ಹೊತ್ತಿಗೆ ಎಲೆ ಎತ್ತಿದ ಹಾಗೆ. ಮಕ್ಕಳು ದಡ್ಡರಲ್ಲ, ಮುಂದೆ ದಾರಿ ಇಲ್ಲದ ಕೋರ್ಸಿಗೆ ಅವರು ಯಾಕೆ ಸೇರುತ್ತಾರೆ? ಸೇರದಿದ್ದಾಗ, ನೋಡಿ ಕನ್ನಡಕ್ಕೆ ಬೇಡಿಕೆಯೇ ಇಲ್ಲ ಅಂತ ವರದಿ ಬರೆಯಲು ಅನುಕೂಲವಾಗುತ್ತದೆ.

ದಿಲ್ಲಿಯನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಬಗ್ಗೆಯೂ ಒಂದೆರಡು ಮಾತು ಇದೆ. ಕಾನ್‌ಸ್ಟೇಬಲ್ ಪರೀಕ್ಷೆ ಕನ್ನಡಕ್ಕೆ ಬಂದದ್ದು ಹೇಗೆ ನೆನಪಿದೆಯೆ? 2023ರ ಏಪ್ರಿಲ್‌ನಲ್ಲಿ ಸಿಆರ್‌ಪಿಎಫ್ ನೇಮಕಾತಿ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಅಂದಾಗ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಕೇಂದ್ರ ಗೃಹಸಚಿವರಿಗೆ ಪತ್ರ ಬರೆದರು. ಅದೇ ತಿಂಗಳು ಗೃಹ ಸಚಿವಾಲಯ 13 ಪ್ರಾದೇಶಿಕ ಭಾಷೆಗಳಿಗೆ ಒಪ್ಪಿಗೆ ಕೊಟ್ಟಿತು. ಲಕ್ಷಗಟ್ಟಲೆ ಜನ ಬರೆಯುವ ಆ ಪರೀಕ್ಷೆಗೆ ಅನುವಾದಕರು ಸಿಕ್ಕಿದರು, ಕಂಪ್ಯೂಟರಿಗೆ ಕನ್ನಡ ಅಕ್ಷರವೂ ಬಂತು. ಕೇಳಿದರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಾವು ಕೇಳುವುದು ಯಾವಾಗ? 2024ರ ಜುಲೈನಲ್ಲಿ ನೀಟ್ ಗಲಾಟೆ ಆದಾಗ ನಮ್ಮ ವಿಧಾನಸಭೆಯಲ್ಲಿ ನೀಟ್ ವಿರುದ್ಧ ನಿರ್ಣಯ ಆಯಿತು. ಡಾಕ್ಟರ್ ಸೀಟು ಅಂದರೆ ಎಲ್ಲರಿಗೂ ಎಚ್ಚರ. ಎಂ.ಎ. ಸೀಟಿಗೆ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ, ಯಾಕೆಂದರೆ ಶಾಸಕರ, ಅಧಿಕಾರಿಗಳ, ಪತ್ರಿಕೆ ನಡೆಸುವವರ ಮಕ್ಕಳು ಅಲ್ಲಿಲ್ಲ. ನವೆಂಬರ್ ಒಂದಕ್ಕೆ ಕೆಂಪು-ಹಳದಿ ಶಾಲು ಹಾಕಿ ಬೋರ್ಡುಗಳ ಇಂಗ್ಲಿಷ್ ಎಣಿಸುವವರಿಗೆ ಈ ಪ್ರಶ್ನೆಪತ್ರಿಕೆ ಕಣ್ಣಿಗೆ ಬಿದ್ದಿಲ್ಲ. ಅಂಗಡಿ ಬೋರ್ಡು ಕನ್ನಡದಲ್ಲಿ ಇರಲಿ, ಬೇಡ ಅಂದವರಾರು. ಆದರೆ ಬೋರ್ಡು ಇಂಗ್ಲಿಷಿನಲ್ಲಿದ್ದರೆ ಯಾರ ಓದೂ ನಿಲ್ಲುವುದಿಲ್ಲ. ಇಲ್ಲಿ ನಿಲ್ಲುತ್ತದೆ.

ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗಿದ್ದಾರೆ, ರಾಜ್ಯಸಭೆಗೆ 12 ಜನ. ಪಕ್ಷ ಯಾವುದೇ ಇರಲಿ, ಸದನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: ಸಿಯುಇಟಿ-ಯುಜಿ 13 ಭಾಷೆಗಳಲ್ಲಿ ನಡೆಯುವಾಗ ಸಿಯುಇಟಿ-ಪಿಜಿ ಯಾಕೆ ಎರಡರಲ್ಲಿ? ಉತ್ತರ ಲಿಖಿತವಾಗಿ ಬರಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕೆ-ಸೆಟ್ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಎನ್‌ಟಿಎಗೆ ಕಳಿಸಿ, ಪದಗಳು ಇಲ್ಲಿವೆ ತಗೊಳ್ಳಿ ಅನ್ನಲಿ. ಡಿಗ್ರಿ ಕಾಲೇಜಿನ ಮೇಷ್ಟ್ರುಗಳು ಕೊನೇ ವರ್ಷದ ಮಕ್ಕಳಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕನ್ನಡದ ಪಕ್ಕದಲ್ಲೇ ಬರೆಸಲಿ, ಅದಕ್ಕೆ ದಿಲ್ಲಿಯ ಅಪ್ಪಣೆ ಬೇಡ. ನಿಯಮ ಬದಲಾಗುವವರೆಗೂ ಮಕ್ಕಳು ಪರೀಕ್ಷೆ ಬರೆಯಲೇಬೇಕಲ್ಲ.

ಮುಂದಿನ ಮಾರ್ಚ್ ದೂರ ಇಲ್ಲ. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಮತ್ತೊಂದು ಸಿಯುಇಟಿ-ಪಿಜಿ ಬರುತ್ತದೆ, ವಜ್ರಳ್ಳಿಯಂಥ ನೂರು ಊರುಗಳಿಂದ ಮಕ್ಕಳು ನಸುಕಿನ ಬಸ್ಸು ಹಿಡಿದು ಪರೀಕ್ಷೆಗೆ ಹೋಗುತ್ತಾರೆ. ಅವರಿಗೆ ಗೊತ್ತಿರುವುದನ್ನು ಗೊತ್ತಿರುವ ಭಾಷೆಯಲ್ಲಿ ಕೇಳಿ. ಆಮೇಲೂ ಫೇಲಾದರೆ ಫೇಲ್ ಅನ್ನಿ, ಯಾರೂ ತಕರಾರು ಮಾಡುವುದಿಲ್ಲ.