ಊಹೆಯೂ ಪರೀಕ್ಷೆಯೂ

ವಿಜ್ಞಾನ ಊಹೆಯನ್ನು ತಳ್ಳಿಹಾಕುವುದಿಲ್ಲ, ಪರೀಕ್ಷೆಗೆ ಒಡ್ಡುತ್ತದೆ. ಪರೀಕ್ಷಿಸಬಹುದಾದ ಇಂಥ ಊಹೆಯೇ ಪ್ರಾಕ್ಕಲ್ಪನೆ.

1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದ ಸಾವು ಬಹಳ ಹೆಚ್ಚು. ಹೆರಿಗೆಯ ವೇಳೆ ಮಲಗಿಸುವ ರೀತಿ ಕಾರಣವೇ? ಡಾ. ಸೆಮ್ಮೆಲ್‌ವೈಸ್ ಅದನ್ನು ಬದಲಿಸಿ ನೋಡಿದರು. ಸಾವು ತಗ್ಗಲಿಲ್ಲ, ಆ ಊಹೆಯನ್ನು ಕೈಬಿಟ್ಟರು.

ಶವ ಕೊಯ್ದು ನೇರವಾಗಿ ಹೆರಿಗೆಗೆ ಬರುವ ವೈದ್ಯರ ಕೈಗಳೇ ಕಾರಣವೇ? 1847ರ ಮೇ ತಿಂಗಳಿಂದ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು.

ಮನೆಯಲ್ಲಿ ಕಾಯಿಲೆ ಬಿದ್ದರೆ ಕಾರಣ ಹೇಳುವವರು ಹಲವರು. 'ಇದನ್ನು ಪರೀಕ್ಷಿಸಿ ನೋಡಿದವರುಂಟೇ?' ಎಂದು ಕೇಳಿ. ಆ ಒಂದು ಪ್ರಶ್ನೆ ಜೀವ ಉಳಿಸೀತು.