ನಾಲಿಗೆಯ ತುದಿಯಲ್ಲಿ ನಿಂತ ಮಾತು

ಬೇಸಗೆಯ ರಜೆಯಲ್ಲಿ ಅಹಮದಾಬಾದು, ವಡೋದರಾ, ಸೂರತ್ ನಗರಗಳಿಂದ ನೆಂಟರ ಮಕ್ಕಳು ನಮ್ಮ ಮನೆಗಳಿಗೆ ಬರುವುದುಂಟು. ಊಟಕ್ಕೆ ಕುಳಿತಾಗ ಅವರಲ್ಲೊಬ್ಬಳು, "ಅತ್ತೆ, ಸ್ವಲ್ಪ... ಸ್ವಲ್ಪ..." ಎಂದು ತಡವರಿಸಿ, ಕೊನೆಗೆ "ಮೀಠು ಹಾಕಿ" ಎನ್ನುತ್ತಾಳೆ. ಗುಜರಾತಿಯಲ್ಲಿ ಮೀಠು ಎಂದರೆ ಉಪ್ಪು. ಪಂಕ್ತಿಯೆಲ್ಲ ನಗುತ್ತದೆ. 'ಕನ್ನಡ ಮರೆತಳು' ಎಂಬ ತೀರ್ಪೂ ಹೊರಬೀಳುತ್ತದೆ. ಮರುದಿನದಿಂದ ಆ ಹುಡುಗಿ ನಮ್ಮೊಡನೆ ಹಿಂದಿಯಲ್ಲಿಯೇ ಮಾತನಾಡತೊಡಗುತ್ತಾಳೆ. ನಮ್ಮ ಈ ನಗೆ ಅನ್ಯಾಯದ್ದು ಎಂಬುದೇ ನಮ್ಮ ಅಭಿಪ್ರಾಯ.

ಮಾತನಾಡುವಾಗ ಮಿದುಳು ಹೇಳಬೇಕಾದ ಅರ್ಥವನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕ ಪದವನ್ನು ಆರಿಸಿ, ಬಳಿಕ ಆ ಪದದ ಧ್ವನಿಗಳನ್ನು ಜೋಡಿಸುತ್ತದೆ. ಸರಾಗವಾದ ಮಾತಿನಲ್ಲಿ ಈ ಕೆಲಸವು ಸೆಕೆಂಡಿಗೆ 2-3 ಪದಗಳಂತೆ ಸಾಗುತ್ತದೆ. ಎರಡು ಭಾಷೆಗಳನ್ನು ಬಲ್ಲವರಲ್ಲಿ ಒಂದೇ ಅರ್ಥಕ್ಕೆ ಎರಡು ಪದಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. ದಿನವೂ ಬಳಸುವ ಪದ ಬೇಗ ಬರುತ್ತದೆ. ಅಪರೂಪವಾಗಿ ಬಳಸುವ ಪದ ತಡವಾಗುತ್ತದೆ. ಅಂಗಡಿಯಲ್ಲಿ, ನೆರೆಮನೆಯಲ್ಲಿ, ಆಟದ ಬಯಲಿನಲ್ಲಿ ಗುಜರಾತಿಯನ್ನೇ ಆಡುವ ಹುಡುಗಿಗೆ 'ಮೀಠು' ಮುಂದಾಗಿ ಬಂದರೆ ಆಶ್ಚರ್ಯವೇನು? 'ಉಪ್ಪು' ಅಳಿದುಹೋಗಿಲ್ಲ. ನಾವು ಹೇಳಿದೊಡನೆ "ಹೌದು, ಅದೇ!" ಎಂದು ಆಕೆ ಗುರುತಿಸುತ್ತಾಳೆ.

ಪುಸ್ತಕ, ಆಕಾಶ, ನದಿ ಮುಂತಾದ ಮಾತುಗಳು ಎರಡೂ ಭಾಷೆಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿವೆ. ಇಂಥ ಪದಗಳು ದ್ವಿಭಾಷಿಕರ ನಾಲಿಗೆಗೆ ಬೇಗ ಒದಗುತ್ತವೆ. 2005ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ವ್ಯಕ್ತಿಗಳ ಹೆಸರನ್ನು ನೆನೆಯುವುದರಲ್ಲಿ ದ್ವಿಭಾಷಿಕರು ಇತರರಿಗಿಂತ ಹೆಚ್ಚಾಗಿ ತಡವರಿಸುವುದಿಲ್ಲ; ಎರಡು ಭಾಷೆಗಳಿಗೂ ಹೆಸರು ಒಂದೇ ಅಲ್ಲವೆ? ಆದುದರಿಂದ ತಡವರಿಕೆಯು ಬುದ್ಧಿಯ ಕೊರತೆಯಲ್ಲ, ಬಳಕೆಯ ಕೊರತೆ.

ಬಳಕೆಯ ಬಲಕ್ಕೆ ಗುಜರಾತಿನಲ್ಲಿಯೇ ಒಂದು ನಿದರ್ಶನವಿದೆ. 1885ರಲ್ಲಿ ಸಾತಾರೆಯಲ್ಲಿ ಹುಟ್ಟಿದ ಕಾಕಾ ಕಾಲೇಲ್ಕರರ ತಾಯ್ನುಡಿ ಮರಾಠಿ. ವಡೋದರೆಯ ಗಂಗನಾಥ ವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ಮುಂದೆ ಅಹಮದಾಬಾದಿನಲ್ಲಿ ಗಾಂಧೀಜಿಯವರೊಡನೆ ದುಡಿದು, ಅವರು ಗುಜರಾತಿಯ ಶ್ರೇಷ್ಠ ಗದ್ಯಲೇಖಕರಾದರು. ಗಾಂಧೀಜಿ ಅವರನ್ನು 'ಸವಾಯಿ ಗುಜರಾತಿ', ಎಂದರೆ ಒಂದೂಕಾಲು ಪಾಲು ಗುಜರಾತಿ, ಎಂದು ಕರೆದರು. 1965ರಲ್ಲಿ ಗುಜರಾತಿ ಕೃತಿಗಾಗಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ದೊರೆಯಿತು. ಕಲಿತ ಭಾಷೆಯೇ ಬಳಕೆಯಿಂದ ಹೀಗೆ ಒಲಿಯುವುದಾದರೆ, ಮನೆಯ ಭಾಷೆ ಒಲಿಯದೆ ಇದ್ದೀತೆ?

ಇಷ್ಟಕ್ಕೂ ನಗುವ ನಾವು ಎಷ್ಟರವರು? ನಮ್ಮ ಕೈಚೀಲದ ಬಣ್ಣವನ್ನು ಕೇಳಿದರೆ 'ಬ್ರೌನ್' ಎನ್ನುತ್ತೇವೆ. 'ಕಂದು' ನೆನಪಾಗುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಕನ್ನಡನಾಡಿನ ನಗರದಲ್ಲಿ, ಕನ್ನಡ ಶಾಲೆಯಲ್ಲಿ ಓದುತ್ತಿರುವ ನಮ್ಮ ಪಾಡೇ ಇದು!

ಮುಂದಿನ ರಜೆಯಲ್ಲಿ ಆ ಹುಡುಗಿ ಮಾತು ಸಿಗದೆ ನಿಂತಾಗ ನಾವು ಒಂದು ಗಳಿಗೆ ಕಾಯೋಣ. ಆಗಲೂ ಬಾರದಿದ್ದರೆ ಮೆಲ್ಲನೆ ಹೇಳಿಕೊಡೋಣ. ಅವಳಿಂದ ನಾಲ್ಕು ಗುಜರಾತಿ ಮಾತುಗಳನ್ನು ನಾವೂ ಕಲಿಯೋಣ. ಆಗ ತಡವರಿಸುವ ಸರದಿ ನಮ್ಮದಾಗುವುದು. ನಗೆಗೆ ಹೆದರಿ ಬಾಯಿ ಮುಚ್ಚಿದವರ ಕನ್ನಡ ಬೆಳೆಯಲಾರದು. ತಪ್ಪುತ್ತ, ತಡೆಯುತ್ತ ಆಡಿದವರ ಕನ್ನಡವೇ ಉಳಿಯುವುದು.