ಕೊಡದ ನೆಲದ ಮೇಲೆ ದಾನವೆಲ್ಲಿಯದು?

ಉದ್ಯಾನಕ್ಕೆ ಮೀಸಲಾದ ನೆಲವನ್ನು ಧರ್ಮಕಾರ್ಯಕ್ಕೆ ಕೇಳಿದರೆ ದೋಷವೇನೆಂದು ಪ್ರಶ್ನಿಸುವ ಟ್ರಸ್ಟುಗಳು ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪ್ರಕರಣವನ್ನು ನೆನೆಯಬೇಕು. ಅಲ್ಲಿ ಉದ್ಯಾನದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ನೀಡಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಜನೋಪಯೋಗಿಯೇ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಒಪ್ಪದೆ, ಆ ಹಂಚಿಕೆಯನ್ನು ಅಸಿಂಧುವೆಂದಿತು. ಔಷಧದಾನವು ಚತುರ್ವಿಧ ದಾನಗಳಲ್ಲೊಂದು, ನಿಜ. ಆದರೆ ಊರಿನವರೆಲ್ಲರಿಗೆ ಸೇರಿದುದನ್ನು ಅವರು ಕೊಡದಿರುವಾಗ ಪಡೆದು ಮಾಡುವ ದಾನದ ಬುಡದಲ್ಲಿರುವುದು ಅದತ್ತಾದಾನ. ಅಚೌರ್ಯಾಣುವ್ರತ ತೊಟ್ಟ ಶ್ರಾವಕನಿಗೆ ಅದು ಸಲ್ಲದು. ಪುರಸಭೆಯ ಠರಾವು ಈ ದೋಷವನ್ನು ತೊಳೆದೀತೆ?

ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ಈ ಮಾತು ದೂರದ್ದಲ್ಲ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಊರೊಳಗಿನ ಉದ್ಯಾನ, ಆಟದ ಬಯಲುಗಳ ರಕ್ಷಣೆಗೆ 1985ರ ಕಾಯಿದೆಯಿದೆ. ಕಾನೂನಿಗೆ ಕೊರತೆಯಿಲ್ಲ. ಕೊರತೆ, ‘ಒಂದು ಮರ ತಾನೆ’ ಎನ್ನುವವರ ವಿವೇಕದಲ್ಲಿ. ಅಂಥವರು ಜೈನರಲ್ಲಿಯೂ ಇದ್ದಾರೆ. ಏಕೇಂದ್ರಿಯ ಜೀವಗಳ ಹಿಂಸೆಯನ್ನು ಗೃಹಸ್ಥನು ಸಂಪೂರ್ಣ ಬಿಡಲಾರ. ಆದರೂ ನಿಷ್ಪ್ರಯೋಜನವಾದ ಸಸ್ಯಚ್ಛೇದವನ್ನು ಸಮಂತಭದ್ರಾಚಾರ್ಯರು ಅನರ್ಥದಂಡದಲ್ಲಿ ಎಣಿಸಿದ್ದಾರೆ. ಊಟದ ಎಲೆಯಲ್ಲಿ ಆಲೂಗಡ್ಡೆಯನ್ನು ವರ್ಜಿಸಿ, ಬಯಲಿನ ಮರಕ್ಕೆ ಕೊಡಲಿ ಹಾಕಿಸುವ ಆಚಾರವನ್ನು ಏನೆಂದು ಕರೆಯಬೇಕೋ! ಪೂಜ್ಯಪಾದರ ತಪೋಭೂಮಿಯೆಂದು ಪರಂಪರೆ ಹೇಳುವ ಕನಕಗಿರಿ ಇದೇ ಸೀಮೆಯ ಮಲೆಯೂರಿನಲ್ಲಿದೆ. ಆ ತಪಸ್ಸಿಗೆ ಬೇಕಾದುದು ಬೆಟ್ಟ ಮತ್ತು ನಿಶ್ಶಬ್ದ, ಕಲ್ಯಾಣಮಂಟಪವಲ್ಲ.

ಬಸದಿಯ ಆಡಳಿತ ಮಂಡಳಿಗಳು ನಿವೇಶನದ ಅರ್ಜಿಗೆ ಸಹಿ ಹಾಕುವ ಮುನ್ನ ಬಡಾವಣೆಯ ನಕ್ಷೆಯನ್ನು ತರಿಸಿ ನೋಡಲಿ. ಅಲ್ಲಿ ಉದ್ಯಾನವೆಂದಿದ್ದರೆ ಅರ್ಜಿಯನ್ನು ಹಿಂಪಡೆದು, ನಿವಾಸಿಗಳ ಆಕ್ಷೇಪಣಾ ಪತ್ರಕ್ಕೆ ಸಹಿ ಹಾಕಲಿ.